ಅರವತ್ತು ಓಮ್

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೊರಟರೆ, ಪೇಟೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಸಿಗುವುದು ಬಾಶೆಟ್ಟಿಹಳ್ಳಿ. ಕೈಗಾರಿಕಾ ಪ್ರದೇಶ ಬಂದ ಮೇಲೆ ಇಲ್ಲಿ ರಾಗಿ ಹೊಲಕ್ಕಿಂತ ತಗಡಿನ ಷೆಡ್ಡುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಷೆಡ್ಡು ಏಳಬೇಕಾದರೆ ಮೊದಲು ಮಣ್ಣು ಏಳಬೇಕು, ಮಣ್ಣು ಏಳಬೇಕಾದರೆ ಯಂತ್ರ ಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ಹೊತ್ತಿಗೆ, ಜಮೀನು ಮಾರಿದ ದುಡ್ಡಿಗೆ ಸಾಲ ಸೇರಿಸಿ ಯಂತ್ರ ಕೊಂಡವರು ಈ ಸೀಮೆಯಲ್ಲಿ ಸಾಕಷ್ಟು ಮಂದಿಯಾಗಿದ್ದರು. ಆಮೇಲೆ ಬಡಾವಣೆಗಳು ಬಂದವು, ಜಲ್ಲಿ ಕ್ರಷರುಗಳು ಬಂದವು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ರಸ್ತೆಯ ಕೆಲಸ ಬಂತು. ಆ ಭಾಗ 2024ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಷ್ಟು ವರ್ಷವೂ ರಸ್ತೆ ಪಕ್ಕದ ಖಾಲಿ ಜಾಗಗಳಲ್ಲಿ ಕೆಟ್ಟು ನಿಂತ ಯಂತ್ರಗಳಿಗೆ ಬರವಿರಲಿಲ್ಲ. ಕಂಪನಿ ಯಾವುದಾದರೂ ಇರಲಿ, ಟೈರಿನ ಮೇಲೆ ಓಡುವುದು ಜೆಸಿಬಿ, ಚೈನಿನ ಮೇಲೆ ತೆವಳುವುದು ಹಿಟಾಚಿ. ಈ ಕಡೆಯವರ ಲೆಕ್ಕ ಅಷ್ಟೇ.

ಅಂಥ ಯಂತ್ರಗಳ ಹೊಟ್ಟೆಯೊಳಗಿನ ವೈರಿಂಗ್ ನೋಡುತ್ತಲೇ ತಲೆ ನೆರೆಸಿಕೊಂಡ ಆಟೋ ಎಲೆಕ್ಟ್ರಿಷಿಯನ್ ಒಬ್ಬನ ನೆನಪುಗಳಿವು.

ಆತ ಕೆಲಸಕ್ಕೆ ಸೇರಿದಾಗ ಷೆಡ್ಡಿನ ಮೇಸ್ತ್ರಿಯ ಆಯುಧ ಒಂದೇ: ಎರಡು ವೈರಿಗೆ ಸಿಕ್ಕಿಸಿದ ಬಲ್ಬು. ಒಂದು ತುದಿಯನ್ನು ಯಂತ್ರದ ಕಬ್ಬಿಣಕ್ಕೆ ಹಿಡಿದು, ಇನ್ನೊಂದು ತುದಿಯಲ್ಲಿ ವೈರನ್ನು ಚುಚ್ಚುವುದು. ಬಲ್ಬು ಹತ್ತಿದರೆ ಕರೆಂಟಿದೆ, ಹತ್ತದಿದ್ದರೆ ಇಲ್ಲ. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯ ಹಳೆಯ ಡೋಜರುಗಳಾಗಲಿ, ಮೊದಮೊದಲ ಹಿಟಾಚಿಗಳಾಗಲಿ, ವಿದ್ಯುತ್ತಿನ ಮಟ್ಟಿಗೆ ಬಲು ಸಾಧು ಪ್ರಾಣಿಗಳು. ಸೆಲ್ಫ್ ಮೋಟರು, ಆಲ್ಟರ್ನೇಟರು, ನಾಲ್ಕು ರಿಲೇ, ಹಾರನ್ನು, ಲೈಟು. ಆಯಿಲ್ ಪ್ರೆಷರಿನ ಮೀಟರಿಗೆ ಅದರದ್ದೇ ವೈರು, ಬಿಸಿಯ ಮೀಟರಿಗೆ ಅದರದ್ದೇ ವೈರು. ಮೀಟರು ಸತ್ತರೆ ಆ ಒಂದು ವೈರನ್ನು ಹಿಡಿದು ಹೊರಟರೆ ಸಾಕು, ಎಲ್ಲೋ ಒಂದು ಕಡೆ ಹಸಿರುಗಟ್ಟಿದ ಜಾಯಿಂಟು ಸಿಕ್ಕೇ ಸಿಗುತ್ತಿತ್ತು.

ಈ ಸುಖ ಹೆಚ್ಚು ವರ್ಷ ಉಳಿಯಲಿಲ್ಲ. ಎಂಜಿನ್ನಿಗೆ ಒಂದು ಕಂಟ್ರೋಲರ್, ಹೈಡ್ರಾಲಿಕ್ ಪಂಪಿಗೆ ಇನ್ನೊಂದು, ಕ್ಯಾಬಿನ್ನಿನ ಡಿಸ್‌ಪ್ಲೇಗೆ ಮತ್ತೊಂದು, ಉಪಗ್ರಹದ ಮೂಲಕ ಯಂತ್ರ ಎಲ್ಲಿದೆ ಅಂತ ಮಾಲೀಕನಿಗೆ ತಿಳಿಸುವ ಪೆಟ್ಟಿಗೆ ಬೇರೆ. ಇವೆಲ್ಲ ಒಂದಕ್ಕೊಂದು ಮಾತಾಡುವುದು ಬರೀ ಎರಡು ವೈರಿನ ಮೇಲೆ. ಹೆಚ್ಚಿನ ಯಂತ್ರಗಳಲ್ಲಿ ಒಂದು ಹಳದಿ, ಇನ್ನೊಂದು ಹಸಿರು. ಈ ಜಾಲದ ಹೆಸರು ಕ್ಯಾನ್, ಹಾಗಾಗಿ ಹಳದಿಗೆ ಕ್ಯಾನ್ ಹೈ, ಹಸಿರಿಗೆ ಕ್ಯಾನ್ ಲೋ ಅನ್ನುತ್ತಾರೆ. ಆಪರೇಟರ್ ಕ್ಯಾಬಿನ್ನಿನಲ್ಲಿ ಕೂತು ತಿರುಗಿಸುವ ಆಕ್ಸಿಲರೇಟರ್ ಡಯಲಿನಿಂದ ಎಂಜಿನ್ನಿಗೆ ಕೇಬಲ್ಲೂ ಇಲ್ಲ, ನೇರ ವೈರೂ ಇಲ್ಲದ ಯಂತ್ರಗಳು ಬಂದವು. ಡಯಲ್ ಎಷ್ಟು ತಿರುಗಿತು ಅನ್ನುವುದನ್ನು ಒಂದು ಕಂಟ್ರೋಲರ್ ಅಂಕಿಯಾಗಿಸಿ ಆ ಎರಡು ವೈರಿನ ಮೇಲೆ ಬಿಡುತ್ತದೆ, ಎಂಜಿನ್ನಿನ ಕಂಟ್ರೋಲರ್ ಅದನ್ನು ಓದಿಕೊಂಡು ಡೀಸೆಲ್ ಕೊಡುತ್ತದೆ.

ಮೇಸ್ತ್ರಿ ಇಂಥದ್ದೊಂದು ಯಂತ್ರದ ಹಳದಿ ವೈರಿಗೆ ಅಭ್ಯಾಸಬಲದಿಂದ ಬಲ್ಬು ಹಿಡಿದರು. ಬಲ್ಬು ಹತ್ತಲಿಲ್ಲ. ಹತ್ತುವ ಬದಲು, ಅಲ್ಲಿಯವರೆಗೆ ಸರಿಯಾಗಿದ್ದ ಡಿಸ್‌ಪ್ಲೇಯಲ್ಲಿ ಕೆಂಪು ಚಿಹ್ನೆಗಳೆಲ್ಲ ಒಟ್ಟಿಗೆ ಎದ್ದವು. ‘ಇದೇನ್ಲಾ ಇದು, ಮುಟ್ಟಿದ್ರೆ ಮುನಿ ಆಗೋಯ್ತಲ್ಲಾ’ ಅಂತ ಮೇಸ್ತ್ರಿ ಬಲ್ಬನ್ನು ಜೇಬಿಗೆ ಹಾಕಿಕೊಂಡು ಟೀ ಕುಡಿಯಲು ಹೋದರು. ಆ ಯಂತ್ರದ ಕಡೆ ಮತ್ತೆ ತಲೆ ಹಾಕಲಿಲ್ಲ. ‘ನೀನೇ ನೋಡ್ಕಳಪ್ಪ, ನಂಗೆ ಇದು ಬಗೆಹರಿಯಾಕಿಲ್ಲ.’

ಬಲ್ಬು ಹತ್ತದ್ದಕ್ಕೆ ಕಾರಣವಿತ್ತು. ಯಂತ್ರದ ಬ್ಯಾಟರಿ 24 ವೋಲ್ಟಿನದಾದರೂ ಈ ವೈರುಗಳಲ್ಲಿ ಓಡುವುದು ಅದಲ್ಲ. ಯಾರೂ ಮಾತಾಡದಿದ್ದಾಗ ಹಳದಿ, ಹಸಿರು ಎರಡೂ ಸುಮಾರು ಎರಡೂವರೆ ವೋಲ್ಟಿನಲ್ಲಿ ಸಮನಾಗಿ ನಿಂತಿರುತ್ತವೆ. ಮಾತು ಶುರುವಾದಾಗ ಹಳದಿ ಮೂರೂವರೆಯ ಕಡೆ ಏರುತ್ತದೆ, ಹಸಿರು ಒಂದೂವರೆಯ ಕಡೆ ಇಳಿಯುತ್ತದೆ. ಕಂಟ್ರೋಲರುಗಳು ನೋಡುವುದು ಇವೆರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಬಲ್ಬಿನಷ್ಟು ಕರೆಂಟು ಎಳೆಯುವ ವಸ್ತುವನ್ನು ಅಲ್ಲಿ ತಗುಲಿಸಿದರೆ ಮಾತೇ ನಿಂತುಹೋಗುತ್ತದೆ.

ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದು ಹುರಿ ಮಾಡಿರುವುದನ್ನು ಆತ ಮೊದಲ ನೋಟಕ್ಕೇ ಗುರುತಿಸಿದ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದವನಿಗೆ ರೇಷ್ಮೆ ಎಳೆಯನ್ನು ಹುರಿ ಹಾಕುವುದು ಹೊಸದಲ್ಲ. ರೇಷ್ಮೆಗೆ ಹುರಿ ಬಲಕ್ಕಾಗಿ. ಇಲ್ಲಿ ಹುರಿ ಇರುವುದು ಆಲ್ಟರ್ನೇಟರ್, ಸೊಲೆನಾಯ್ಡ್‌ಗಳಿಂದ ಬರುವ ವಿದ್ಯುತ್ ಗದ್ದಲ ಎರಡು ಎಳೆಗೂ ಒಂದೇ ಸಮ ತಾಗಲಿ ಅಂತ. ಎರಡಕ್ಕೂ ಸಮನಾಗಿ ತಾಗಿದ ಮೇಲೆ ವ್ಯತ್ಯಾಸ ಇದ್ದ ಹಾಗೇ ಇರುತ್ತದೆ, ಮಾತು ಕೆಡುವುದಿಲ್ಲ. ಹುರಿ ಬಿಚ್ಚಿ ಗಜದುದ್ದ ಸಾದಾ ವೈರು ಸೇರಿಸಿ ಟೇಪು ಸುತ್ತುವ ಮೆಕ್ಯಾನಿಕ್ಕುಗಳ ಮೇಲೆ ಆತನಿಗೆ ಇವತ್ತಿಗೂ ಕೋಪ.

ಈ ವ್ಯವಸ್ಥೆಯನ್ನು ರೂಪಿಸಿದ್ದು ಯಾರು ಅಂತ ತಿಳಿದಾಗ ಆತನಿಗೆ ನಗು ಬಂತು. ಬೆಂಗಳೂರಿನ ಡೀಸೆಲ್ ಮೆಕ್ಯಾನಿಕ್ಕುಗಳಿಗೆ ಮೈಕೋ ಅಂದರೆ ಮನೆಮಾತು. ಆಡುಗೋಡಿಯ ಮೈಕೋ ಪಂಪು, ಮೈಕೋ ನಾಝಲ್ ಕೈಯಲ್ಲಿ ಹಿಡಿಯದ ಡೀಸೆಲ್ ಮೇಸ್ತ್ರಿ ಈ ಊರಲ್ಲಿಲ್ಲ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ತನ್ನ ಜರ್ಮನ್ ಮನೆತನದ ಹೆಸರನ್ನೇ ಹೊತ್ತು ಬಾಷ್ ಆಯಿತು. ಅದೇ ಬಾಷ್‌ನ ಎಂಜಿನಿಯರುಗಳು ಜರ್ಮನಿಯಲ್ಲಿ 1983ರಲ್ಲಿ ಕ್ಯಾನ್ ಜಾಲದ ಕೆಲಸ ಶುರು ಮಾಡಿ, 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ಮರುವರ್ಷ ಇಂಟೆಲ್ ಅದರ ಚಿಪ್ ಮಾಡಿತು. ಅವರ ಉದ್ದೇಶ ಕಾರಿನೊಳಗಿನ ವೈರಿನ ಹೊರೆ ಇಳಿಸುವುದು. ಲಾರಿ ಮತ್ತು ಭಾರೀ ಯಂತ್ರಗಳಿಗಾಗಿ ಅಮೆರಿಕದ ಆಟೋಮೊಬೈಲ್ ಎಂಜಿನಿಯರುಗಳ ಸಂಘ ಅದರ ಮೇಲೆ ಕಟ್ಟಿದ ನಿಯಮಾವಳಿಯ ಹೆಸರು ಜೆ1939.

ಅದರಲ್ಲಿ ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್‌ಗಳು ಓಡುತ್ತವೆ, ಅಂದರೆ ಒಂದೊಂದಕ್ಕೆ ಸಿಗುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ನಾಲ್ಕು ಭಾಗ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಯಾರ ಸಂದೇಶದ ಗುರುತಿನ ಸಂಖ್ಯೆ ಚಿಕ್ಕದೋ ಅವರ ಮಾತು ಮುಂದುವರಿಯುತ್ತದೆ, ಇನ್ನೊಬ್ಬರು ತಾವಾಗಿ ಸುಮ್ಮನಾಗಿ ಆಮೇಲೆ ಮಾತಾಡುತ್ತಾರೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅನ್ನುವ ಸುದ್ದಿಗೆ ಅವಸರ ಹೆಚ್ಚು, ಸೆಕೆಂಡಿಗೆ ಹತ್ತಾರು ಸಲ ಬರುತ್ತದೆ. ನೀರು ಎಷ್ಟು ಬಿಸಿಯಾಗಿದೆ ಅನ್ನುವ ಸುದ್ದಿ ಸೆಕೆಂಡಿಗೊಮ್ಮೆ ಬಂದರೆ ಸಾಕು.

ಆತನಿಗೆ ಇದರಲ್ಲಿ ತುಂಬ ಹಿಡಿಸಿದ್ದು ತಪ್ಪಿನ ಲೆಕ್ಕ. ಪ್ರತಿ ಕಂಟ್ರೋಲರ್ ತನ್ನ ತಪ್ಪನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ ಎಂಟು ಕೂಡುತ್ತದೆ, ಸರಿಯಾಗಿ ಹೋದರೆ ಒಂದು ಕಳೆಯುತ್ತದೆ. ಲೆಕ್ಕ 255 ದಾಟಿತೋ, ಆ ಕಂಟ್ರೋಲರ್ ಉಳಿದವರಿಗೆ ತೊಂದರೆಯಾಗದಿರಲೆಂದು ಜಾಲದಿಂದ ತಾನೇ ಹೊರಬೀಳುತ್ತದೆ. ಇಷ್ಟು ಮರ್ಯಾದಸ್ಥ ವ್ಯವಸ್ಥೆ ಊರ ಪಂಚಾಯಿತಿಯಲ್ಲೂ ಇಲ್ಲ ಅನ್ನುವುದು ಆತನ ಹಳೆಯ ತಮಾಷೆ.

ಆದರೆ ತೊಂದರೆ ಶುರುವಾಗುವುದೂ ಇಲ್ಲಿಯೇ. ಹೊರಬಿದ್ದವನು ಬಾಯಿ ಬಿಡುವುದಿಲ್ಲ, ದೂರು ಹೇಳುವವರು ಉಳಿದವರು. ಡಿಸ್‌ಪ್ಲೇಯಲ್ಲಿ ‘ಎಂಜಿನ್ ಕಂಟ್ರೋಲರ್ ಜೊತೆ ಸಂಪರ್ಕವಿಲ್ಲ’ ಅಂತ ಬಂದರೆ ಅದರ ಅರ್ಥ ಇಷ್ಟೇ: ಎಂಜಿನ್ ಕಂಟ್ರೋಲರಿನ ಮಾತು ಇತರರಿಗೆ ಕೇಳಿಸುತ್ತಿಲ್ಲ. ಅದು ಸತ್ತಿದೆ ಅಂತಲ್ಲ. ಅದಕ್ಕೆ ಬರುವ ಕರೆಂಟು ಹೋಗಿರಬಹುದು, ಅರ್ಥ್ ಬಿಟ್ಟಿರಬಹುದು, ನಡುವಿನ ವೈರು ಸವೆದಿರಬಹುದು, ಇಲ್ಲವೇ ಇನ್ಯಾವುದೋ ಪೆಟ್ಟಿಗೆ ಕೆಟ್ಟು ಇಡೀ ಜಾಲದ ಬಾಯಿ ಮುಚ್ಚಿಸಿರಬಹುದು. ಆದರೆ ಪರದೆಯ ಮೇಲೆ ಯಾರ ಹೆಸರಿದೆಯೋ ಅವನೇ ಕಳ್ಳ ಅಂತ ತೀರ್ಮಾನಿಸಿ ಪೆಟ್ಟಿಗೆ ಬದಲಿಸುವುದು ಈ ಕಸುಬಿನ ದೊಡ್ಡ ರೋಗ. ಇದರಲ್ಲಿ ರಸ್ತೆ ಬದಿಯ ಮೆಕ್ಯಾನಿಕ್ಕಿಗೂ ಕಂಪನಿಯ ಸಮವಸ್ತ್ರ ತೊಟ್ಟವನಿಗೂ ಭೇದವಿಲ್ಲ.

ವರ್ತುಲ ರಸ್ತೆಯ ಮಣ್ಣಿನ ಕೆಲಸ ಜೋರಾಗಿದ್ದ ಕಾಲದ್ದು ಒಂದು ಪ್ರಸಂಗ. ಹಿಟಾಚಿಯೊಂದು ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡಿ, ಬಿಸಿಲೇರಿದ ಮೇಲೆ ಕೈ ಕೊಡುತ್ತಿತ್ತು. ಮೀಟರುಗಳೆಲ್ಲ ಸೊನ್ನೆ, ಎಂಜಿನ್ ಒಮ್ಮೆಲೇ ಇಳಿದು ಗೊರಗುಟ್ಟುವುದು, ಡಯಲ್ ತಿರುಗಿಸಿದರೂ ಏರದು. ಕೀ ಆರಿಸಿ ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಅಷ್ಟರಲ್ಲಾಗಲೇ ಯಾರೋ ಬಂದು ಎಂಜಿನ್ನಿನ ಕಂಟ್ರೋಲರ್ ಬದಲಿಸಿ ಹೋಗಿದ್ದರು. ಬಾಡಿಗೆ ಗಂಟೆ ಲೆಕ್ಕದ್ದು, ಸಾಲದ ಕಂತು ತಿಂಗಳ ಲೆಕ್ಕದ್ದು. ಮಾಲೀಕನ ಮುಖದಲ್ಲಿ ಕಳೆಯಿರಲಿಲ್ಲ.

‘ಈಗ ಪಂಪಿಂದು ಬಾಕ್ಸೂ ಹೋಗೈತೆ, ಅದ್ನೂ ತರ್ಸಣ ಅಂತಾವ್ರೆ ಕಣಪ್ಪ. ಏನ್ ಮಾಡ್ಲಿ?’

‘ತರ್ಸಬೇಡಿ ಯಜಮಾನ್ರೇ, ಒಂದಿನ ತಡೀರಿ.’

ಆತ ಬ್ಯಾಟರಿ ಬಿಚ್ಚಿ, ಕ್ಯಾಬಿನ್ನಿನ ಒಂಬತ್ತು ಪಿನ್ನಿನ ದುಂಡು ಸಾಕೆಟ್ಟಿಗೆ ಮಲ್ಟಿಮೀಟರ್ ಹಿಡಿದ. ಹಳದಿ ಮತ್ತು ಹಸಿರಿನ ನಡುವೆ ಅರವತ್ತು ಓಮ್. ಇದು ಈ ಕಸುಬಿನ ಮಂತ್ರಸಂಖ್ಯೆ. ಜಾಲದ ಎರಡು ತುದಿಗೂ ತಲಾ 120 ಓಮಿನ ಒಂದೊಂದು ರೆಸಿಸ್ಟರ್ ಇಟ್ಟಿರುತ್ತಾರೆ. ಸಂಕೇತ ತುದಿಗೆ ಬಡಿದು ಹಿಂದಕ್ಕೆ ಮರಳಿ ತನ್ನ ಹಿಂದಿನದ್ದರ ಜೊತೆ ಕಲಸಿಹೋಗದಿರಲಿ ಅಂತ. ಎರಡೂ ಸಮಾಂತರವಾಗಿರುವುದರಿಂದ ಮೀಟರಿನಲ್ಲಿ ಅರವತ್ತು ಬರಬೇಕು. ನೂರಿಪ್ಪತ್ತು ಬಂದರೆ ಒಂದು ತುದಿ ಕಳಚಿದೆ, ಇಲ್ಲವೇ ನಡುವೆ ವೈರು ತುಂಡಾಗಿದೆ. ಸೊನ್ನೆಗೆ ಹತ್ತಿರವಾದರೆ ಎರಡು ವೈರೂ ಒಂದಕ್ಕೊಂದು ಅಂಟಿಕೊಂಡಿವೆ. ಈ ಯಂತ್ರದಲ್ಲಿ ಅರವತ್ತು ಚೊಕ್ಕವಾಗಿತ್ತು, ಹಿಂದೆ ನೋಡಿದವರು ಅಲ್ಲಿಗೇ ನಿಲ್ಲಿಸಿ ‘ವೈರಿಂಗ್ ಸರಿಯಿದೆ’ ಅಂದಿದ್ದರು.

ಅರವತ್ತು ಓಮ್ ಹೇಳದಿರುವ ಒಂದು ಸಂಗತಿಯಿದೆ. ಹಳದಿ ವೈರು ಎಲ್ಲಾದರೂ ಯಂತ್ರದ ಕಬ್ಬಿಣಕ್ಕೆ ತಾಗಿದರೆ ಜಾಲ ಪೂರ್ತಿ ಸಾಯುತ್ತದೆ, ಆದರೆ ಹಳದಿ-ಹಸಿರಿನ ನಡುವಿನ ಅರವತ್ತು ಅಲುಗುವುದಿಲ್ಲ. ಅದಕ್ಕೇ ಒಂದೊಂದು ವೈರಿನಿಂದಲೂ ಕಬ್ಬಿಣಕ್ಕೆ ಬೇರೆ ಅಳೆಯಬೇಕು, ಅದೂ ಯಂತ್ರ ತೊಂದರೆ ಕೊಡುವ ಸ್ಥಿತಿಯಲ್ಲಿ. ಆತ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿಸಿ, ಮೀಟರನ್ನು ವೋಲ್ಟಿಗೆ ತಿರುಗಿಸಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. ಹಳದಿಯಲ್ಲಿ ಎರಡೂವರೆಗಿಂತ ಒಂದಿಷ್ಟು ಮೇಲೆ, ಹಸಿರಿನಲ್ಲಿ ಒಂದಿಷ್ಟು ಕೆಳಗೆ. ಸರಿಯಾಗಿಯೇ ಇತ್ತು. ‘ಆಯಿಲ್ ಬಿಸಿ ಆಗೋವರ್ಗೂ ಕೆಲ್ಸ ಮಾಡಪ್ಪ’ ಅಂದ. ಆಪರೇಟರ್ ಹುಡುಗ ಮಣ್ಣು ತೋಡುತ್ತ ಹೋದ. ಕೊನೆಗೆ ತುಂಬಿದ ಬಕೆಟ್ಟಿನ ಸಮೇತ ಬೂಮ್ ಎತ್ತಿದ ಗಳಿಗೆಯಲ್ಲಿ ಹಳದಿ ಸೊನ್ನೆಗೆ ಬಿತ್ತು, ಎಂಜಿನ್ ಇಳಿಯಿತು. ‘ನೋಡಣ್ಣ, ನಾ ಹೇಳಿರ್ಲಿಲ್ವಾ, ಬೂಮ್ ಎತ್ತಿದ್ರೇ ಹಿಂಗಾಗದು’ ಅಂದ ಹುಡುಗ. ಅವನು ಮೊದಲ ದಿನದಿಂದ ಎಲ್ಲರಿಗೂ ಅದನ್ನೇ ಹೇಳಿದ್ದ. ಲ್ಯಾಪ್‌ಟಾಪ್ ತಂದವರು ಕೋಡ್ ಓದಿದ್ದರೇ ಹೊರತು ಅವನ ಮಾತು ಕೇಳಿರಲಿಲ್ಲ.

ಕ್ಯಾಬಿನ್ನಿನ ಕೆಳಗಿನ ತಗಡು ಬಿಚ್ಚಿದಾಗ ವಿಷಯ ಬಯಲಾಯಿತು. ಹಿಂದೆ ಯಾವುದೋ ರಿಪೇರಿಯಲ್ಲಿ ವೈರಿನ ಕಟ್ಟನ್ನು ಹಿಡಿದಿಟ್ಟಿದ್ದ ಕ್ಲಿಪ್ ಮುರಿದು, ಕಟ್ಟು ಹೈಡ್ರಾಲಿಕ್ ಹೋಸಿನ ಮೇಲೆ ಒರಗಿಕೊಂಡಿತ್ತು. ಭಾರ ಎತ್ತುವಾಗ ಹೋಸಿಗೆ ಒತ್ತಡ ಬಂದು ಅದು ಮಿಡುಕುತ್ತದೆ. ಪ್ರತಿ ಮಿಡುಕಿಗೂ ಕಟ್ಟು ಒಂದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ, ಹಳದಿ ವೈರಿನ ಮೈ ಸವೆದು ತಾಮ್ರ ಇಣುಕಿತ್ತು. ಹುರಿ ಕೆಡದಂತೆ ಜೋಡಿಸಿ, ಶಾಖಕ್ಕೆ ಬಿಗಿಯುವ ತೋಳು ಹಾಕಿ, ಹೊಸ ಕ್ಲಿಪ್ ಕೂರಿಸಿದರೆ ಕೆಲಸ ಮುಗಿಯಿತು. ಬದಲಿಸಿದ್ದ ಕಂಟ್ರೋಲರಿನ ದುಡ್ಡು ಮಾತ್ರ ಮಾಲೀಕನಿಗೆ ವಾಪಸು ಬರಲಿಲ್ಲ.

ಇನ್ನೊಂದು ಯಂತ್ರದಲ್ಲಿ ಮೀಟರು ನಲವತ್ತು ಓಮ್ ತೋರಿಸಿತು. ಮೂರು 120ಗಳು ಸಮಾಂತರವಾದರೆ ನಲವತ್ತು. ಮೂರನೆಯದು ಎಲ್ಲಿಂದ ಬಂತು? ಡೀಸೆಲ್ ಕಳ್ಳತನ ಹಿಡಿಯಲು ಮಾಲೀಕ ಹೊರಗಿನಿಂದ ತಂದು ಹಾಕಿಸಿದ್ದ ಟ್ರ್ಯಾಕರಿನ ಒಳಗಿತ್ತು. ಅದನ್ನು ಹಾಕಿದವನು ಹಳದಿ-ಹಸಿರನ್ನು ಕೆರೆದು ಅಲ್ಲಿಗೇ ಸುತ್ತಿ ಹೋಗಿದ್ದ. ಮಾಲೀಕರಿಗೆ ಡೀಸೆಲ್ ಮೇಲೆ ಕಣ್ಣಿಡುವುದು ತಪ್ಪೇನಲ್ಲ, ಆದರೆ ಕಣ್ಣಿಡಲು ಹೋಗಿ ಯಂತ್ರದ ಬಾಯಿ ಕಟ್ಟಿದ ಪ್ರಸಂಗಗಳನ್ನು ಆತ ಬೇಕಾದಷ್ಟು ಕಂಡಿದ್ದಾನೆ.

ವೆಲ್ಡಿಂಗಿನ ಕತೆಯೇ ಬೇರೆ. ಜಲ್ಲಿ ಕೆಲಸದಲ್ಲಿ ಬಕೆಟ್ಟಿನ ಹಲ್ಲು ಸವೆಯುತ್ತಲೇ ಇರುತ್ತದೆ, ಕೆಲಸದ ಜಾಗದಲ್ಲೇ ವೆಲ್ಡಿಂಗ್ ನಡೆಯುತ್ತದೆ. ಬ್ಯಾಟರಿ ಬಿಚ್ಚದೆ, ಅರ್ಥ್ ಕ್ಲಾಂಪನ್ನು ಕೈಗೆಟುಕಿದ ಕಬ್ಬಿಣಕ್ಕೆ ಕಚ್ಚಿಸಿ ಬಕೆಟ್ಟಿಗೆ ವೆಲ್ಡ್ ಮಾಡಿದರೆ, ಆ ಕರೆಂಟು ಮರಳುವ ದಾರಿಯಲ್ಲಿ ಕಂಟ್ರೋಲರುಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಜಾಲಕ್ಕೆ ಮಾತು ಬಿಡುವ ಸಣ್ಣ ಚಿಪ್ ಸುಟ್ಟು, ಎರಡು ವೈರನ್ನೂ ಹಿಡಿದು ಕೂರುತ್ತದೆ. ಆಗ ಎಲ್ಲರ ಮೇಲೂ ಎಲ್ಲರೂ ದೂರು ಹೇಳುತ್ತಾರೆ. ಆತ ವೋಲ್ಟ್ ಮೀಟರನ್ನು ಕಣ್ಣೆದುರಿಟ್ಟುಕೊಂಡು, ಒಂದೊಂದಾಗಿ ಕಂಟ್ರೋಲರುಗಳ ಕಪ್ಲರ್ ಬಿಚ್ಚುತ್ತ ಬರುತ್ತಾನೆ. ಯಾವುದನ್ನು ಬಿಚ್ಚಿದಾಗ ವೋಲ್ಟ್ ತನ್ನ ಜಾಗಕ್ಕೆ ಮರಳುತ್ತದೋ ಅಲ್ಲಿದೆ ಹೆಣ. ಪರದೆಯಲ್ಲಿ ಅದರ ಹೆಸರೇ ಇಲ್ಲದಿರುವುದೂ ಉಂಟು.

ಮೀಟರಿಗೆ ಒಂದು ಮಿತಿಯಿದೆ. ಅದು ಸರಾಸರಿ ಹೇಳುತ್ತದೆ, ಸೆಕೆಂಡಿಗೆ ಲಕ್ಷಗಟ್ಟಲೆ ಬಿಟ್‌ಗಳಲ್ಲಿ ಒಂದು ಮುರಿದದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಆತ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಕೈಯಲ್ಲಿ ಹಿಡಿಯುವಂಥ ಸಣ್ಣ ಆಸಿಲೋಸ್ಕೋಪ್ ತಂದ. ಹಳದಿ ಮೇಲೇರುವುದು, ಹಸಿರು ಕೆಳಗಿಳಿಯುವುದು, ಒಂದಕ್ಕೊಂದು ಕನ್ನಡಿಯಂತಿರುವುದು ಮೊದಲ ಸಲ ಕಣ್ಣಿಗೆ ಕಂಡಾಗ ಷೆಡ್ಡಿನ ಹುಡುಗರನ್ನೆಲ್ಲ ಕರೆದು ತೋರಿಸಿದ. ಮೇಸ್ತ್ರಿಯೂ ಬಂದು ಇಣುಕಿ, ‘ಇಷ್ಟೊಂದು ಮಾತಾಡ್ತಾವಾ ಇವು, ನಮ್ಮನೇವ್ರಿಗಿಂತ ಜಾಸ್ತಿ’ ಅಂದು ಹೋದರು.

2021ರ ಏಪ್ರಿಲ್ 1ರಿಂದ ಟೈರಿನ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಹೊಸ ಹೊಗೆ ನಿಯಮ, ಅಂದರೆ ನಾಲ್ಕನೇ ಹಂತ, ಜಾರಿಗೆ ಬಂತು. 2025ರ ಜನವರಿಯಿಂದ ಐದನೇ ಹಂತ. ಹೊಗೆ ಇಳಿಸಲು ಡೀಸೆಲನ್ನು ಎಲೆಕ್ಟ್ರಾನಿಕ್ಸ್ ಮೂಲಕವೇ ಅಳೆದು ಕೊಡಬೇಕಾಯಿತು. ಹಾಗಾಗಿ ಅಲ್ಲಿಯವರೆಗೆ ಸ್ಪ್ಯಾನರ್ ಒಂದರಲ್ಲೇ ಬದುಕಿದ್ದ ಜೆಸಿಬಿ ಮೆಕ್ಯಾನಿಕ್ಕಿನ ಮನೆ ಬಾಗಿಲಿಗೂ ಕಂಟ್ರೋಲರ್ ಬಂದು ನಿಂತಿತು. ಹಿಟಾಚಿ ಕೆಲಸದವರು ವರ್ಷಗಳ ಕಾಲ ಎಡವಿ ಕಲಿತದ್ದನ್ನು ಇವರು ರಾತ್ರೋರಾತ್ರಿ ಕಲಿಯಬೇಕಾಯಿತು. ಕಲಿಸುವವರು ಮಾತ್ರ ಇರಲಿಲ್ಲ. ವೈರಿಂಗಿನ ನಕ್ಷೆ ಡೀಲರುಗಳ ಲ್ಯಾಪ್‌ಟಾಪಿನಲ್ಲಿ ಬೀಗ ಹಾಕಿ ಕೂತಿದೆ. ಊರ ಮೆಕ್ಯಾನಿಕ್ಕುಗಳ ವಾಟ್ಸಾಪಿನಲ್ಲಿ ಓಡಾಡುವುದು ಯಾವುದೋ ಮಾದರಿಯ, ಯಾವುದೋ ವರ್ಷದ, ಅರ್ಧ ಮಸುಕಾದ ಫೋಟೋ.

ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾಯಿದೆ ಮಾಡಿ, ಕೃಷಿ ಯಂತ್ರ ತಯಾರಕರು ರೈತರಿಗೂ ಸ್ವತಂತ್ರ ಮೆಕ್ಯಾನಿಕ್ಕುಗಳಿಗೂ ದುರಸ್ತಿಯ ಮಾಹಿತಿ, ಸಾಧನ ಕೊಡಲೇಬೇಕು ಅಂದಿತು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಮನೆಬಳಕೆಯ ವಸ್ತು, ವಾಹನ ಅಂತ ಅದು ಮೊದಲಿಗೆ ಹೆಸರಿಸಿದ ನಾಲ್ಕು ವಿಭಾಗಗಳಲ್ಲಿ ಮಣ್ಣು ಅಗೆಯುವ ಯಂತ್ರಕ್ಕೆ ಬೇರೆ ಜಾಗವಿರಲಿಲ್ಲ. ಬಿಇಎಂಎಲ್ ಕೋಲಾರ ಜಿಲ್ಲೆಯಲ್ಲಿ ಯಂತ್ರ ಮಾಡುತ್ತದೆ, ವೋಲ್ವೊ ಪೀಣ್ಯದಲ್ಲಿ, ಟಾಟಾ ಹಿಟಾಚಿ ಧಾರವಾಡದಲ್ಲಿ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಎಕ್ಸ್‌ಕಾನ್ ಮೇಳ ನಡೆದಾಗ ಪ್ರಪಂಚದ ಯಂತ್ರಗಳೆಲ್ಲ ಬಂದು ಸಾಲಾಗಿ ನಿಲ್ಲುತ್ತವೆ. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಐಟಿಐ ಹುಡುಗನ ಕೈಗೆ ಒಂದು ಜೊತೆ ಹಳದಿ-ಹಸಿರು ವೈರು, ಒಂದು ಸ್ಕೋಪ್, ಬೇಕೆಂದೇ ಕೆಡಿಸಿಟ್ಟ ಒಂದು ಜಾಲ ಕೊಟ್ಟು ‘ಹುಡುಕು’ ಅನ್ನುವುದು ದೊಡ್ಡ ಖರ್ಚಿನ ಕೆಲಸವಲ್ಲ. ಸಂಬಂಧಪಟ್ಟವರು ಇದನ್ನು ಮಾಡಬೇಕು.

ಅಲ್ಲಿಯವರೆಗೆ ಮಾಲೀಕರಿಗೆ ಆತ ಹೇಳುವುದಿಷ್ಟು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಚ್ಚಿಸಿ, ಕಂಟ್ರೋಲರುಗಳ ಕಪ್ಲರ್ ಕಳಚಿಸಿ, ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಾಕಿಸಿ. ಒತ್ತಡದ ನೀರಲ್ಲಿ ತೊಳೆಯುವಾಗ ಕಪ್ಲರುಗಳ ಕಡೆ ಪೈಪು ತಿರುಗಿಸಬೇಡಿ. ಯಾರಾದರೂ ‘ಬಾಕ್ಸ್ ಹೋಗಿದೆ, ಹೊಸದು ಹಾಕಬೇಕು’ ಅಂದರೆ ದುಡ್ಡು ಕೊಡುವ ಮೊದಲು ಕೇಳಿ: ಎರಡು ವೈರಿನ ನಡುವೆ ಎಷ್ಟು ಓಮ್ ಬಂತು, ಒಂದೊಂದರಿಂದ ಯಂತ್ರದ ಕಬ್ಬಿಣಕ್ಕೆ ಎಷ್ಟು ಬಂತು? ಉತ್ತರ ಬರದಿದ್ದರೆ ಬೇರೆಯವರನ್ನು ಕರೆಯಿರಿ.